ಕಿಸಣ್ಣನ ಕೋವಿಯ ತಪ್ಪು

ನಾನು ಕ್ಷೌರದಂಗಡಿಯವನು, ಹೆಸರು ತಮೆಕಿಚಿ. ನಮ್ಮ ಹಿನೊಸಾವಾದಲ್ಲಿ ಈಗ ಉಳಿದಿರುವ ತಲೆಗಳು ಮೂವತ್ತೆಂಟು. ಅವುಗಳಲ್ಲಿ ಕೂದಲಿರುವವು ಹೆಚ್ಚೆಂದರೆ ಇಪ್ಪತ್ತು. ಹಾಗಾಗಿ ಕತ್ತರಿಗಿಂತ ನಾಲಿಗೆಗೇ ಕೆಲಸ ಜಾಸ್ತಿ. ಊರಿನ ಯಾವ ಸುದ್ದಿಯೂ ನನ್ನ ಬಾಯಲ್ಲಿ ಒಂದು ಹಗಲು ನಿಂತದ್ದಿಲ್ಲ. ಅಂಥ ನಾನು ಒಂದೇ ಒಂದು ಮಾತನ್ನು ಮೂರು ವರ್ಷ ನುಂಗಿಕೊಂಡು ಕೂತೆ. ನಿಜವಾಗಿ ಆಡಬೇಕಾಗಿದ್ದದ್ದು ಅದೊಂದೇ ಮಾತು. ನನ್ನ ಗ್ರಹಚಾರ.

ಮಾತು ಕಿಸಣ್ಣನದು. ಪೂರ್ತಿ ಹೆಸರು ಕಿಸಾಬುರೊ. ನನಗಿಂತ ಮೂರು ವರ್ಷ ದೊಡ್ಡವನು, ಈ ಮಾರ್ಚ್ ಕೊನೆಗೆ ಎಪ್ಪತ್ತಾರು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕರಡಿ ಬೇಟೆಯವರೇ. ಆದರೆ ಬೇಟೆ ಯಾರ ಹೊಟ್ಟೆಯನ್ನೂ ವರ್ಷವಿಡೀ ತುಂಬಿಸುವುದಿಲ್ಲ. ಹಿಮ ಬಿದ್ದು ಗದ್ದೆ ಮುಚ್ಚಿದ ಕೂಡಲೇ ಕಿಸಣ್ಣ ಗಂಟುಮೂಟೆ ಕಟ್ಟಿಕೊಂಡು ದೂರದ ಊರುಗಳಿಗೆ ಸುರಂಗ ಕೊರೆಯಲು ಹೋಗುತ್ತಿದ್ದ. ಇಪ್ಪತ್ತೆರಡು ಚಳಿಗಾಲ ಬಂಡೆಗೆ ಯಂತ್ರ ಒತ್ತಿ ನಿಂತ. ಆ ದುಡಿಮೆಯಲ್ಲೇ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಕೋವಿ ಕೊಂಡ. ಆಗ ನಮ್ಮ ಗುಂಪಿನಲ್ಲಿ ಬೇರೆ ಯಾರ ಹತ್ತಿರವೂ ಅಂಥದ್ದು ಇರಲಿಲ್ಲ. ಅಕ್ರೋಟು ಮರದ ಹಿಡಿ, ನೀಲಿ ಹೊಳಪಿನ ನಳಿಗೆ. ಒಂದೊಂದೇ ಗುಂಡು ದೂರಕ್ಕೆ ಹಾರಿಸುವ ರೈಫಲ್.

ಅದನ್ನು ಅವನು ನೋಡಿಕೊಂಡ ರೀತಿ ನೋಡಬೇಕಿತ್ತು. ಅವನ ಹೆಂಡತಿ ಇಸೊ ಅತ್ತಿಗೆ ತಲೆಗೆಂದು ತಂದಿಟ್ಟ ಕಮೀಲಿಯಾ ಎಣ್ಣೆ ಅರ್ಧಕ್ಕರ್ಧ ಕೋವಿಗೇ ಹೋಗುತ್ತಿತ್ತು. ಮದುವೆಯಾಗಿ ಐವತ್ತು ವರ್ಷವಾಯಿತು, ನನ್ನ ನೆತ್ತಿಗೆ ಒಂದು ಹನಿ ಹಚ್ಚಿದವನಲ್ಲ, ಸವತಿಗೆ ಮಾತ್ರ ವಾರಕ್ಕೊಮ್ಮೆ ಅಭ್ಯಂಜನ ಅಂತ ಅತ್ತಿಗೆ ಬಂದವರೆದುರು ಆಡಿಕೊಳ್ಳುತ್ತಿದ್ದಳು. ಕಿಸಣ್ಣ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಬಟ್ಟೆ ಮಡಿಸಿ ಒರೆಸುತ್ತಲೇ ಇರುತ್ತಿದ್ದ.

ನಮ್ಮ ಬೇಟೆ ವಸಂತದ್ದು. ಏಪ್ರಿಲ್‌ನಲ್ಲಿ ಹಿಮ ಗಟ್ಟಿಯಾಗಿ, ಕಾಲಿಟ್ಟರೆ ಹೂತುಹೋಗದ ಹಾಗಾದಾಗ, ಕರಡಿಗಳು ಗುಹೆಯಿಂದ ಹೊರಬೀಳುತ್ತವೆ. ಕಿಸಣ್ಣ ಕೋವಿ ಹಿಡಿದು ಏಣಿನ ಮೇಲೆ, ಬೆಟ್ಟದ ನೆತ್ತಿಯ ಅಂಚಿನಲ್ಲಿ, ಕಾಯುತ್ತಾನೆ. ನಾನು, ಗೊನ್ರೊಕು, ಇನ್ನಿಬ್ಬರು ಕಣಿವೆಯಿಂದ ಕೂಗುತ್ತಾ ಕರಡಿಯನ್ನು ಮೇಲಕ್ಕೆ ಎಬ್ಬಿಸುತ್ತೇವೆ. ನಮ್ಮ ಕೈಯಲ್ಲಿ ಕೋಲು ಬಿಟ್ಟರೆ ಏನೂ ಇರುವುದಿಲ್ಲ. ಮೇಲಿನವನ ಗುರಿ ತಪ್ಪಿದರೆ ಕರಡಿ ತಿರುಗಿ ಬರುವುದು ನಮ್ಮ ಕಡೆಗೇ. ನಲವತ್ತು ವರ್ಷ ನಾನು ಆ ಕೆಳಗಿನ ಜಾಗದಲ್ಲಿ ನಿಂತದ್ದು ಕಿಸಣ್ಣ ಮೇಲಿದ್ದಾನೆ ಅನ್ನುವ ಒಂದೇ ಧೈರ್ಯದ ಮೇಲೆ.

ಬೆಟ್ಟದ ಅಮ್ಮನ ವಿಷಯವನ್ನೂ ಹೇಳಬೇಕು. ಬೆಟ್ಟವನ್ನು ಕಾಯುವ ದೇವತೆ ಅವಳು, ಕುರೂಪಿ, ಹೊಟ್ಟೆಕಿಚ್ಚಿನವಳು. ಅವಳ ಸಮಾಧಾನಕ್ಕೆ ಅವಳಿಗಿಂತ ವಿಕಾರವಾದ ಒಣಮೀನೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇವೆ. ಬೆಟ್ಟ ಹತ್ತಿದ ಮೇಲೆ ಮನೆಯ ಮಾತು ಆಡುವ ಹಾಗಿಲ್ಲ. ನಾಯಿಗೆ, ನೀರಿಗೆ, ಅಕ್ಕಿಗೆ, ಕರಡಿಗೆ ಎಲ್ಲಕ್ಕೂ ಅಲ್ಲಿನ ಹೆಸರು ಬೇರೆ. ಬಾಯಿ ತಪ್ಪಿ ಮನೆಯ ಹೆಸರು ಹೇಳಿದವನಿಗೆ ಹಿಮ ಕರಗಿದ ನೀರು, ಮೂವತ್ತಮೂರು ಸೌಟು, ಬರಿಮೈಗೆ. ಇನ್ನೊಂದು ರೂಢಿ ಇದೆ. ಕರಡಿ ಬಿದ್ದರೆ ನಮ್ಮ ಗುಂಪಿನಲ್ಲಿ ಯಾರೂ ‘ಹೊಡೆದ’ ಅನ್ನುವುದಿಲ್ಲ, ‘ಅಮ್ಮ ಕೊಟ್ಟಳು’ ಅನ್ನುತ್ತೇವೆ. ಬೀಳದಿದ್ದರೆ ‘ತಪ್ಪಿತು’ ಅನ್ನುವುದಿಲ್ಲ, ‘ಅಮ್ಮ ಕೊಡಲಿಲ್ಲ’ ಅನ್ನುತ್ತೇವೆ. ಹೊಡೆದವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಎಷ್ಟು ಒಳ್ಳೆಯ ರೂಢಿ ಅಂತ ನಾನೇ ಗಿರಾಕಿಗಳಿಗೆ ಹೇಳಿ ಬೀಗಿದ್ದುಂಟು.

ಮೂರು ವರ್ಷದ ಹಿಂದಿನ ವಸಂತದಲ್ಲಿ ಅಮ್ಮ ಮೊದಲ ಸಲ ಕೊಡಲಿಲ್ಲ. ಕರಡಿ ಕಿಸಣ್ಣನ ಎದುರಿಗೇ, ಬಯಲಲ್ಲೇ ಏರಿ ಹೋಯಿತು. ಅಷ್ಟು ಹತ್ತಿರದಿಂದ ನಾನು ಕತ್ತರಿ ಎಸೆದಿದ್ದರೂ ತಾಗುತ್ತಿತ್ತು. ಗುಂಡಿನ ಸದ್ದಾಯಿತು. ಕರಡಿ ಒಮ್ಮೆ ತಿರುಗಿ ನೋಡಿ, ಏಣು ದಾಟಿ ಹೋಯಿತು. ಎಲ್ಲರೂ ಪಾಪಿ ಯಾರೆಂದು ಹುಡುಕಿದರು. ಪಾಪಿ ನಾನೇ. ಬೆಳಿಗ್ಗೆ ಬೆಟ್ಟದಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತ್ತು. ಹೆಂಡತಿ ಏನೋ ಕೇಳಿದಳು, ‘ಬೆಕ್ಕಿಗೆ ಅನ್ನ ಹಾಕು’ ಅಂದುಬಿಟ್ಟಿದ್ದೆ. ಬೆಟ್ಟದಲ್ಲಿ ಬೆಕ್ಕಿನ ಹೆಸರು ಎತ್ತುವುದೇ! ಅಂಗಿ ಬಿಚ್ಚಿಸಿ ನಿಲ್ಲಿಸಿದರು. ನಾಲ್ಕೂ ಜನ ಸರದಿಯಂತೆ ಸೌಟು ಹಿಡಿದರು. ಎಂಟು ದಿನ ಜ್ವರದಲ್ಲಿ ಮಲಗಿದೆ. ಕಿಸಣ್ಣ ಅಣಬೆಯ ಸಾರು ಮಾಡಿಸಿಕೊಂಡು ಬಂದು, ನನ್ನ ಕಾಲ ಹತ್ತಿರ ಕೂತು ಹೋದ.

ಮರುವರ್ಷ ಮೊಬೈಲ್ ಮನೆಯಲ್ಲೇ ಬಿಟ್ಟೆ. ಅಮ್ಮ ಆಗಲೂ ಕೊಡಲಿಲ್ಲ. ಆ ಸಲ ಗೊನ್ರೊಕು ಸಿಳ್ಳೆ ಹಾಕಿದ್ದು ಪತ್ತೆಯಾಯಿತು, ಬೆಟ್ಟದಲ್ಲಿ ಅದೂ ನಿಷಿದ್ಧ. ಎಂಬತ್ತರ ಹತ್ತಿರದ ಮುದುಕ, ಮುಂದಿನ ಎರಡು ಹಲ್ಲಿಲ್ಲ, ಉಸಿರಾಡಿದರೇ ಸಿಳ್ಳೆ. ಅದು ಸಿಳ್ಳೆಯಲ್ಲ, ಉಸಿರು ಅಂತ ಎಷ್ಟು ಹೇಳಿದರೂ ಬಿಡಲಿಲ್ಲ, ನೀರು ಸುರಿದೇ ಸುರಿದರು. ನಾನೂ ಸುರಿದೆ. ನನಗೂ ಹೋದ ವರ್ಷದ ಸೇಡು ಸ್ವಲ್ಪ ಇತ್ತು.

ಮೂರನೆಯ ವಸಂತದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೆಮ್ಮು ಬಂದರೂ ಟೋಪಿಯಲ್ಲಿ ಮುಖ ಮುಚ್ಚಿಕೊಂಡೆವು. ಗುಂಡು ಕರಡಿಯ ಹಿಂದಿನ ತೊಡೆಗೆ ತಾಗಿತು. ಅದು ಉರುಳಿಕೊಂಡು ನೇರ ನನ್ನ ಕಡೆ ಬಂತು. ಹಿಮದಲ್ಲಿ ಮುಖ ಒತ್ತಿ ಬಿದ್ದುಕೊಂಡೆ. ಅದರ ಉಸಿರಿನ ಬಿಸಿ ಕುತ್ತಿಗೆಗೆ ತಾಗಿತು, ಬೆನ್ನ ಮೇಲೆ ಕೋಟು ಹರಿದ ಸದ್ದಾಯಿತು. ಆಮೇಲೆ ಅದು ಇರಲಿಲ್ಲ. ರಕ್ತದ ಜಾಡು ಕಾಡುಬಿದಿರಿನ ಮೆಳೆಯೊಳಗೆ ಹೋಗಿ ಕರಗಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ನೋವು ತಿನ್ನುವ ಪ್ರಾಣಿಯನ್ನು ಹಾಗೇ ಬಿಟ್ಟು ಬರುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಏಣಿನಿಂದ ಇಳಿದು ಬಂದ ಕಿಸಣ್ಣ ನನ್ನ ಹರಿದ ಕೋಟನ್ನು ನೋಡಿದ, ನನ್ನ ಮುಖ ನೋಡಲಿಲ್ಲ.

“ಅಮ್ಮ ಕೊಡ್ಲಿಲ್ಲ,” ಅಂದ.

“ಹೂಂ, ಕೊಡ್ಲಿಲ್ಲ,” ಅಂದೆ.

ಆ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವ ಕೂದಲೆಳೆಯಲ್ಲಿ ಉಳಿದಿತ್ತು. ಆದರೂ ಬಾಯಿಗೆ ಬಂದದ್ದು ಅದೇ ಮಾತು, ಯಾಕೆಂದರೆ ಬೇರೆ ಮಾತು ನಮ್ಮ ಹತ್ತಿರ ಇರಲಿಲ್ಲ. ನನಗೆ ವಿಷಯ ಮೊದಲೇ ಗೊತ್ತಿತ್ತು. ತಿಂಗಳಿಗೊಮ್ಮೆ ಅವನು ನನ್ನ ಕುರ್ಚಿಯಲ್ಲಿ ಕೂರುತ್ತಾನೆ. ಮೈಮೇಲೆ ಬಿಳಿ ಬಟ್ಟೆ ಹೊದಿಸಿದರೆ ಅವನ ಕೈಗಳು ಅದರ ಒಳಗೆ. ಬಟ್ಟೆ ನಡುಗುತ್ತಿತ್ತು. ಮೊದಮೊದಲು ಚಳಿ ಅಂದುಕೊಂಡು ಒಲೆ ಜೋರು ಮಾಡಿದೆ. ಜೂನ್ ತಿಂಗಳಲ್ಲೂ ಬಟ್ಟೆ ನಡುಗಿತು. ಸುರಂಗದ ಯಂತ್ರ ಹಿಡಿದವರ ಬೆರಳು ಮುದಿತನದಲ್ಲಿ ಬೆಳ್ಳಗಾಗಿ ಜೀವ ಕಳೆದುಕೊಳ್ಳುತ್ತದೆ ಅಂತ ಕೇಳಿದ್ದೆ. ಕೋವಿ ಕೊಡಿಸಿದ ಕೆಲಸವೇ ಕೋವಿ ಹಿಡಿಯುವ ಕೈಯನ್ನು ತಿಂದಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬೆಕ್ಕು ಅಂದದ್ದಕ್ಕೇ ಮೂವತ್ತಮೂರು ಸೌಟು ತಿಂದವನು ನಾನು.

ಹೋದ ನವೆಂಬರಿನಲ್ಲಿ ಕಿಸಣ್ಣ ಕೋವಿ ಹಿಡಿದುಕೊಂಡು ಮನೆಯ ಕಲ್ಲು ಮೆಟ್ಟಿಲ ಮೇಲೆ ಜಾರಿ ಬಿದ್ದ. ಅವನಿಗೆ ಏನೂ ಆಗಲಿಲ್ಲ, ಕೋವಿಯ ಹಿಡಿ ಮಾತ್ರ ನಳಿಗೆಗೆ ಕೂಡುವ ಕಡೆ ಉದ್ದಕ್ಕೆ ಸೀಳುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಇವನ ಮುಖ ಅರಳಿತು. ಸೀಳಿದ ಜಾಗ ಹಿಡಿದುಕೊಂಡು ನನ್ನ ಅಂಗಡಿಗೆ ಓಡಿ ಬಂದ. ಒಳಗೊಳಗೇ ಎಷ್ಟು ವರ್ಷದಿಂದ ಬಿರುಕು ಬಿಟ್ಟಿತ್ತೋ, ನಳಿಗೆಯೂ ಸವೆದಿರಬೇಕು, ಅದಕ್ಕೇ ಗುಂಡು ಅಡ್ಡಾದಿಡ್ಡಿ ಹೋಗುತ್ತಿತ್ತು ಅಂತ ಒಂದೇ ಉಸಿರಿಗೆ ಹೇಳಿದ. ನಾನು ಹೌದೌದು ಅಂದೆ. ಮನೆಯಲ್ಲಿ ಇಸೊ ಅತ್ತಿಗೆ ಹೌದೌದು ಅನ್ನುವ ಪೈಕಿಯಲ್ಲ. ಮೂಲಂಗಿ ಉಪ್ಪಿನಕಾಯಿ ಹೆಚ್ಚುತ್ತಾ, “ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ,” ಅಂದಳು. ಅವನು ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಅತ್ತಿಗೆಯೇ ನನ್ನ ಹತ್ತಿರ ಬಂದು, ನಾನು ಹಾಗನ್ನಬಾರದಿತ್ತು ಅಂತ ಕಣ್ಣೊರೆಸಿಕೊಂಡಳು.

ಈಗ ಆ ಕೋವಿಯನ್ನು ಏನು ಮಾಡುವುದು? ನಮ್ಮಲ್ಲಿ ಒಂದೊಂದು ಕೋವಿಗೂ ಒಂದೊಂದು ಪರವಾನಗಿ. ಕಿಸಣ್ಣನದು ಈ ಸಲದ ಹುಟ್ಟಿದ ದಿನದೊಳಗೆ ನವೀಕರಣವಾಗಬೇಕಿತ್ತು. ರಿಪೇರಿ ಮಾಡಿಸಿದರೆ ಅದೇ ಪರವಾನಗಿ ಮುಂದುವರಿಯುತ್ತದೆ, ಏಪ್ರಿಲ್‌ನಲ್ಲಿ ಅವನು ಏಣಿನ ಮೇಲೆ, ನಾನು ಕೆಳಗೆ. ರಿಪೇರಿಯಾಗದಿದ್ದರೆ ಕೋವಿಯನ್ನು ತುಂಡುತುಂಡಾಗಿ ಕತ್ತರಿಸಲು ಕೊಡಬೇಕು. ಈ ವಯಸ್ಸಿನಲ್ಲಿ ಹೊಸದಕ್ಕೆ ಅರ್ಜಿ ಹಾಕಿದರೆ ವೈದ್ಯರು, ಪರೀಕ್ಷೆ, ವಿಚಾರಣೆ ಅಂತ ವರ್ಷ ಕಳೆಯುತ್ತದೆ, ಸಿಗುವುದೂ ಇಲ್ಲ. ನೆನಪಿಗೆ ಗೋಡೆಗೆ ತೂಗುಹಾಕುವ ಹಾಗೂ ಇಲ್ಲ. ಬೇಟೆಯಾಡದವನ ಮನೆಯಲ್ಲಿ ಕೋವಿ ಇರಕೂಡದು. ಪರವಾನಗಿ ಹೋದ ದಿನವೇ ಕಿಸಣ್ಣ ಬೇಟೆಗಾರನಲ್ಲ.

ಮಾರ್ಚ್ ಮೊದಲ ವಾರ ಪೇಟೆಯ ಸಾವೋರಿಯ ಅಂಗಡಿಗೆ ಕೋವಿ ಒಯ್ದು ಕೊಟ್ಟೆವು. ಅವಳಪ್ಪ ಕೋವಿ ರಿಪೇರಿಯಲ್ಲಿ ಹೆಸರುವಾಸಿ. ಅವನು ಹೋದ ಮೇಲೆ ಅವಳೇ ನಡೆಸುತ್ತಿದ್ದಾಳೆ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ನಮ್ಮನ್ನು ಕಂಡವಳು, ಇಬ್ಬರನ್ನೂ ಮಾಮ ಅನ್ನುತ್ತಾಳೆ. ಹತ್ತು ದಿನ ಬಿಟ್ಟು ಬನ್ನಿ, ಪರೀಕ್ಷಿಸಿ ಹೇಳುತ್ತೇನೆ ಅಂದಳು.

ಹತ್ತನೆಯ ದಿನ ನನ್ನ ಪುಟ್ಟ ಟ್ರಕ್ಕಿನಲ್ಲಿ ಹೋದೆವು. ದಾರಿಯುದ್ದಕ್ಕೂ ಕಿಸಣ್ಣ ನಳಿಗೆ ಸವೆಯುವ ಬಗ್ಗೆ ಮಾತಾಡಿದ. ಅಂಗಡಿಯ ಮುಂದೆ ನಿಲ್ಲಿಸಿದರೆ ಇಳಿಯಲಿಲ್ಲ. ಮಂಡಿ ಹಿಡಿದಿದೆ, ನೀನೇ ಹೋಗಿ ಕೇಳಿ ಬಾ ಅಂದ. ಎರಡೂ ಕೈಯನ್ನು ತೊಡೆಗಳ ಮಧ್ಯೆ ಇಟ್ಟುಕೊಂಡಿದ್ದ.

ಸಾವೋರಿ ಕೋವಿಯನ್ನು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಮಲಗಿಸಿದ್ದಳು. ಹಿಡಿಗೆ ತಾತ್ಕಾಲಿಕವಾಗಿ ಪಟ್ಟಿ ಸುತ್ತಿತ್ತು. ಪಕ್ಕದಲ್ಲಿ ಗುರಿಯ ಕಾಗದ. ಗುರಿಯ ಮೈದಾನದಲ್ಲಿ ಮರಳಿನ ಚೀಲದ ಮೇಲೆ ಇಟ್ಟು ಐದು ಗುಂಡು ಹಾರಿಸಿದ್ದಳಂತೆ. ಐದು ತೂತುಗಳ ಮೇಲೆ ಸಾಕೆ ಮದ್ಯ ಕುಡಿಯುವ ಒಂದು ಪುಟ್ಟ ಬಟ್ಟಲು ಬೋರಲು ಹಾಕಿದರೆ ಎಲ್ಲವೂ ಅದರೊಳಗೇ ಮುಚ್ಚಿಹೋಗುತ್ತಿದ್ದವು.

“ನಳಿಗೆ ಸವೆದಿದೆ ಮಾಮ, ಇಲ್ಲ ಅನ್ನಲ್ಲ. ಆದ್ರೆ ನೆಟ್ಟಗಿದೆ. ಹಿಡಿ ಅಂಟಿಸಿದ್ರೆ ಆಯ್ತು, ಒಂದು ವಾರದ ಕೆಲ್ಸ. ಕೋವಿಗೆ ಏನೂ ಆಗಿಲ್ಲ.”

ಕಿಟಕಿಯಾಚೆ ಟ್ರಕ್ಕಿನಲ್ಲಿ ಕೂತಿದ್ದ ಕಿಸಣ್ಣನ ಟೋಪಿ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು. ಕೋವಿ ಕೆಟ್ಟಿದೆ ಅಂತ ನೀನೇ ಹೇಳಿಬಿಡು ತಾಯಿ, ನಿನ್ನ ಮಾತಾದರೆ ನಂಬುತ್ತಾನೆ ಅಂತ ಕೇಳಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ಈ ಅಂಗಡಿಯಲ್ಲಿ ಕೋವಿಯ ಬಗ್ಗೆ ಅಪ್ಪನ ಕಾಲದಿಂದಲೂ ಸುಳ್ಳು ಹೇಳಿಲ್ಲ, ಮನುಷ್ಯರ ಬಗ್ಗೆ ಬೇಕಾದರೆ ನೀವು ಹೊರಗೆ ಹೋಗಿ ಹೇಳಿಕೊಳ್ಳಿ ಅಂದಳು. ಕಾಗದ ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ.

ಬಾಗಿಲಿನಿಂದ ಟ್ರಕ್ಕಿಗೆ ಹತ್ತು ಹೆಜ್ಜೆ ಇರಬಹುದು. ನಿಜ ಹೇಳಿದರೆ ಇವನ ಮಾನ ಹೋಗುತ್ತದೆ. ಕೋವಿ ಸರಿಯಿದೆ ಅಂತ ಅರ್ಧ ನಿಜ ಹೇಳಿದರೆ ಖುಷಿಯಿಂದ ಬೆಟ್ಟ ಹತ್ತುತ್ತಾನೆ, ಕೆಳಗೆ ನಿಂತವನ ಜೀವ ಹೋಗುತ್ತದೆ, ಆ ಕೆಳಗಿನವನು ನಾನೇ. ಸುಳ್ಳು ಹೇಳಿದರೆ ಇಬ್ಬರೂ ಉಳಿಯುತ್ತೇವೆ, ಒಳ್ಳೆಯ ಕೋವಿಯೊಂದು ಗರಗಸಕ್ಕೆ ಹೋಗುತ್ತದೆ. ಕೋವಿಗೇನು, ಬಾಯಿಯಿಲ್ಲ. ಹಾಗಂತ ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲು ತೆಗೆದು ಕೂತೆ.

“ಸವೆದುಹೋಗಿದ್ಯಂತೆ ಕಿಸಣ್ಣ. ಪೂರ್ತಿ. ನೀನು ಹೇಳಿದ್ದೇ ಸರಿ.”

ಅವನು ಎದುರಿನ ಗಾಜಿನಿಂದ ಕಣ್ಣು ತೆಗೆಯದೆ ನನ್ನ ಕಡೆ ಕೈ ಚಾಚಿದ.

“ಕಾಗದ ತೋರ್ಸು,” ಅಂದ.

ಯಾವ ಕಾಗದ ಅಂದೆ. ನನ್ನ ಬುದ್ಧಿಗಿಷ್ಟು! ನಲವತ್ತೆರಡು ವರ್ಷ ಕೋವಿ ಹಿಡಿದವನಿಗೆ ಗುರಿಯ ಕಾಗದ ಇಲ್ಲದೆ ಪರೀಕ್ಷೆ ನಡೆಯುವುದಿಲ್ಲ ಅಂತ ಗೊತ್ತಿರುವುದಿಲ್ಲವೇ? ಅವನು ಕೈ ಚಾಚಿಕೊಂಡೇ ಇದ್ದ. ಕೊಟ್ಟೆ. ಕಾಗದ ಅವನ ಕೈಯಲ್ಲಿ ಪಟಪಟ ಅಂದಿತು. ನೋಡಲಾಗದೆ ತೊಡೆಯ ಮೇಲೆ ಹರಡಿಕೊಂಡು, ಐದು ತೂತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ.

“ನಂಗೆ ಗೊತ್ತಿತ್ತು ಕಣೋ ತಮೆ. ಮೊದಲ್ನೇ ವರ್ಷಾನೇ ಗೊತ್ತಿತ್ತು. ಕೋವಿ ಕುದುರೆ ಎಳೀವಾಗ ಬೆರಳು ಇದ್ಯೋ ಇಲ್ವೋ ಅಂತಾನೇ ತಿಳೀಲಿಲ್ಲ.” ಕಾಗದದಿಂದ ಬೆರಳು ತೆಗೆದು, “ನಿಂಗೆ ನೀರು ಸುರೀವಾಗ ಗೊತ್ತಿದ್ದೂ ನಾನು ಎಂಟು ಸೌಟು ಸುರಿದೆ,” ಅಂದ.

ಬಯ್ಯಬೇಕು ಅನ್ನಿಸಿತು, ಬಯ್ಯಲು ಆಗಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ನನ್ನ ಬೆನ್ನು ಸಿಗಿದುಹೋಗಿದ್ದರೆ ಅಂತ ಮಾತ್ರ ಕೇಳಿದೆ.

“ನಿಮ್ಮಲ್ಲಿ ಯಾರಾದ್ರೂ ಒಬ್ರು ಹೇಳ್ತೀರಿ ಅಂತ ಕಾದೆ. ಕಿಸಾ, ಸಾಕು, ಕೋವಿ ಕೆಳಗಿಡು ಅಂತ. ಎಲ್ರೂ ಅಮ್ಮನ ಮೇಲೆ ಹಾಕಿದ್ರಿ. ನಾನೂ ಹಾಕ್ದೆ.”

ಮಂಡಿ ಹಿಡಿದಿದೆ ಅಂದವನು ಈಗ ತಾನಾಗಿಯೇ ಬಾಗಿಲು ತೆಗೆದು ಇಳಿದ. ನಾನು ಹಿಂದೆ ನಡೆದೆ.

ಒಳಗೆ ಹೋಗಿ ಕಿಸಣ್ಣ ಕೋವಿಯನ್ನು ಮುಟ್ಟಲಿಲ್ಲ. ಯಾರಿಗಾದರೂ ಕೊಡಬಹುದೇ ಅಂತ ಕೇಳಿದ. ನಮ್ಮ ಗುಂಪಿನಲ್ಲಿ ರೈಫಲ್ ಹಿಡಿಯಲು ಅರ್ಹತೆ ಇದ್ದ ಇನ್ನೊಬ್ಬನೆಂದರೆ ಗೊನ್ರೊಕು, ಅವನಿಗೆ ಎಂಬತ್ತೊಂದು, ಹೋದ ವರ್ಷವೇ ತನ್ನ ಪರವಾನಗಿ ಹಿಂದಿರುಗಿಸಿದ್ದ. ಅಂಗಡಿಯಲ್ಲೇ ಮಾರಾಟಕ್ಕೆ ಇಡಬಹುದೇ ಅಂದ. ಸಾವೋರಿ ಹಿಂದಿನ ಕೋಣೆಯ ಕಬ್ಬಿಣದ ಬಾಗಿಲು ತೆರೆದು ತೋರಿಸಿದಳು. ಅಂಥವೇ ನಲವತ್ತಕ್ಕೂ ಹೆಚ್ಚು ಕೋವಿಗಳು ಸಾಲಾಗಿ ಗೋಡೆಗೊರಗಿ ನಿಂತಿದ್ದವು, ಒಂದೊಂದರ ಕುತ್ತಿಗೆಗೂ ಹೆಸರಿನ ಚೀಟಿ. ಎರಡು ವರ್ಷದಿಂದ ಒಂದನ್ನೂ ಯಾರೂ ಕೇಳಿಲ್ಲ, ಇಡಲು ಇನ್ನು ಜಾಗವೂ ಇಲ್ಲ ಅಂದಳು. ಕಿಸಣ್ಣ ಚೀಟಿಗಳನ್ನು ಓದುತ್ತಾ ಹೋದ. ಅರ್ಧದಷ್ಟು ಹೆಸರು ಅವನಿಗೆ ಗೊತ್ತಿದ್ದವು.

“ಕತ್ತರ್ಸಿಬಿಡಮ್ಮ,” ಅಂದ.

ಅದಕ್ಕೂ ಒಂದು ಅರ್ಜಿ. ಹೆಸರು, ವಿಳಾಸ, ಕೋವಿಯ ಸಂಖ್ಯೆ ಎಲ್ಲ ಸಾವೋರಿಯೇ ಬರೆದಳು. ಕೊನೆಯಲ್ಲಿ ಕಾರಣ. ಕಾರಣಕ್ಕೆ ಮೂರು ಚೌಕಗಳಿದ್ದವು: ಆಯುಧ ಕೆಟ್ಟಿದೆ, ಆಯುಧ ಕಳೆದುಹೋಗಿದೆ, ಮಾಲೀಕ ತೀರಿಕೊಂಡಿದ್ದಾನೆ. ಒಂದಕ್ಕೆ ಮಾಲೀಕನೇ ಗುರುತು ಹಾಕಬೇಕು.

“ಕೆಟ್ಟಿದೆ ಅಂತ ಹಾಕಲ್ಲ,” ಅಂದ ಕಿಸಣ್ಣ. “ಅದು ಕೆಟ್ಟಿಲ್ಲ. ಮನುಷ್ಯ ಕೆಟ್ಟಿದಾನೆ ಅಂತ ಬರಿ.”

ಹಾಗೆ ಬರೆಯಲು ಜಾಗವಿಲ್ಲ ಅಂದಳು ಅವಳು. ‘ಇತರೆ’ ಅನ್ನುವುದು ಇಲ್ಲವೇ ಅಂತ ನಾನು ಕೇಳಿದೆ. ಮೊದಲು ಇತ್ತಂತೆ. ಜನ ಅದರಲ್ಲಿ ಪುಟಗಟ್ಟಲೆ ಕಥೆ ಬರೆಯುತ್ತಾರೆ ಅಂತ ತೆಗೆದುಹಾಕಿದರಂತೆ. ಹಾಗಾದರೆ ಬದುಕಿದ್ದೂ ಕೈಲಾಗದವನು ಏನು ಮಾಡಬೇಕು ಅಂತ ಕಿಸಣ್ಣ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ. ಎಲ್ಲರೂ ಮೊದಲನೆಯದಕ್ಕೇ ಹಾಕುತ್ತಾರೆ ಮಾಮ ಅಂತ ಅವಳು ತಲೆ ತಗ್ಗಿಸಿ ಹೇಳಿದಳು.

ಅವನು ಪೆನ್ನು ತೆಗೆದುಕೊಂಡ. ಗೀಟು ಚೌಕದಿಂದ ಹೊರಗೆ ಬಿದ್ದು ಹಾಳೆಯ ಅಂಚಿನವರೆಗೆ ಓಡಿತು. ಸಾವೋರಿ ಎಲ್ಲವನ್ನೂ ಮತ್ತೆ ಬರೆದು ಇನ್ನೊಂದು ಹಾಳೆ ಕೊಟ್ಟಳು. ಈ ಸಲ ಗುರುತು ಮೂರನೆಯ ಚೌಕದಲ್ಲಿ ಬಿತ್ತು. ಅವಳು ಮೂರನೆಯ ಹಾಳೆ ಬರೆಯುವ ತನಕ ಕಿಸಣ್ಣ ಎಡಗೈಯಿಂದ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದುಕೊಂಡಿದ್ದ. ನಾನು ಅವನ ಹಿಂದೆ ಹೋಗಿ ನಿಂತು, ಬಗ್ಗಿ, ಅವನ ಮಣಿಕಟ್ಟು ಹಿಡಿದೆ. ಐಸಿನಷ್ಟು ತಣ್ಣಗಿತ್ತು. ಇಬ್ಬರೂ ಸೇರಿ ಮೊದಲನೆಯ ಚೌಕದಲ್ಲಿ ಗುರುತು ಹಾಕಿದೆವು. ನೇರವಾಗಿ, ನಡುಮಧ್ಯೆ ಬಿತ್ತು.

ಸಾವೋರಿ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಯಂತ್ರ ಶುರುವಾಯಿತು. ಹೊರಗೆ ಹೋಗೋಣ ಅಂದರೆ ಕಿಸಣ್ಣ ಬರಲಿಲ್ಲ. ಟೋಪಿ ತೆಗೆದು ನಿಂತ. ಕಬ್ಬಿಣ ಕೊಯ್ಯುವ ಸದ್ದು ಮುಗಿಯುವವರೆಗೆ ನಿಂತೇ ಇದ್ದ.

“ನಲವತ್ತೆರಡು ವರ್ಷ, ಅದು ಒಂದು ದಿನಾನೂ ನನ್ನ ಮೇಲೆ ತಪ್ಪು ಹೊರ್ಸಿರ್ಲಿಲ್ಲ ಕಣೋ ತಮೆ,” ಅಂದ.

ಆಮೇಲೆ ಸಾವೋರಿ ಸಹಿ ಹಾಕಲು ಇನ್ನೊಂದು ಕಾಗದ ತಂದಳು, ಅದಕ್ಕೂ ನಾನೇ ಅವನ ಕೈ ಹಿಡಿದೆ.